ಫೋರ್ಟ್ ವ್ಯಾಂಕೂವರ್ ಕೋಟೆಯಲ್ಲಿ ವೇಷ ತೊಟ್ಟು ಸ್ವಯಂಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೋರ್ಟ್‌ಲ್ಯಾಂಡ್, ಬೀವರ್ಟನ್, ಹಿಲ್ಸ್‌ಬರೊ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳು ಕೊಲಂಬಿಯಾ ನದಿಯ ಆಚೆ ದಡದ ಫೋರ್ಟ್ ವ್ಯಾಂಕೂವರ್‌ಗೆ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವುದು ವಾಡಿಕೆ. ಅಲ್ಲಿ ಹಳೆಯ ಕಾಲದ ಉಡುಪು ತೊಟ್ಟು ಕುಲುಮೆಯ ಮುಂದೆ ನಿಂತವರಲ್ಲಿ, ತೋಟದಲ್ಲಿ ಕಳೆ ಕೀಳುವವರಲ್ಲಿ ಬಹಳ ಜನ ಸಂಬಳದ ನೌಕರರಲ್ಲ, ಸ್ವಯಂಸೇವಕರು. ನಾವೂ ಸೇರಬಹುದೇ ಎಂದು ವಿಚಾರಿಸುವವರಿಗಾಗಿ ಈ ಪ್ರಶ್ನೋತ್ತರಗಳನ್ನು ಸಿದ್ಧಪಡಿಸಲಾಗಿದೆ.

ಇದು ಯಾವ ಕೋಟೆ? ಕೆನಡಾದ ವ್ಯಾಂಕೂವರ್ ನಗರಕ್ಕೂ ಇದಕ್ಕೂ ಸಂಬಂಧವಿದೆಯೇ?

ಜಾರ್ಜ್ ವ್ಯಾಂಕೂವರ್ ಎಂಬ ಬ್ರಿಟಿಷ್ ನಾವಿಕನ ಹೆಸರನ್ನು ಎರಡಕ್ಕೂ ಇಡಲಾಗಿದೆ. ಅಷ್ಟು ಬಿಟ್ಟರೆ ಇವೆರಡೂ ಬೇರೆ ಬೇರೆ ಊರುಗಳು. ಈ ಕೋಟೆ ಇರುವುದು ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ.

ಹಡ್ಸನ್ಸ್ ಬೇ ಕಂಪನಿಯು 1824–25ರ ಚಳಿಗಾಲದಲ್ಲಿ ಈ ಠಾಣೆಯನ್ನು ಸ್ಥಾಪಿಸಿತು. ಮೊದಲು ದಿಬ್ಬದ ಮೇಲಿದ್ದ ಠಾಣೆ 1829ರಲ್ಲಿ ನದಿಗೆ ಹತ್ತಿರದ ಬಯಲಿಗೆ ಇಳಿಯಿತು. ಬೀವರ್ ಎಂಬ ಪ್ರಾಣಿಯ ತುಪ್ಪಳವನ್ನು ಸಂಗ್ರಹಿಸಿ, ಯೂರೋಪಿನ ಗಂಡಸರ ಟೋಪಿಗಳಿಗಾಗಿ ಲಂಡನ್ನಿಗೆ ಕಳುಹಿಸುವುದು ಕಂಪನಿಯ ಮುಖ್ಯ ವ್ಯವಹಾರ. ರಾಕಿ ಪರ್ವತದಿಂದ ಪೆಸಿಫಿಕ್ ಸಾಗರದವರೆಗಿನ ವಿಭಾಗಕ್ಕೆಲ್ಲ ಇದೇ ಕೇಂದ್ರ ಕಚೇರಿಯಾಗಿತ್ತು. 1670ರಲ್ಲಿ ರಾಜಶಾಸನ ಪಡೆದ ಈ ಕಂಪನಿಯ ಸ್ವರೂಪ ನಮ್ಮವರಿಗೆ ಹೆಚ್ಚು ವಿವರಿಸಬೇಕಾದದ್ದಲ್ಲ: ವ್ಯಾಪಾರದ ಹೆಸರಿನಲ್ಲಿ ನೆಲದ ಮೇಲೆ ಅಧಿಕಾರ ಚಲಾಯಿಸುವ ‘ಕಂಪನಿ ಸರ್ಕಾರ’ದ ರೀತಿ ನಮ್ಮ ಅಜ್ಜ ಮುತ್ತಜ್ಜಂದಿರ ಬಾಯಲ್ಲೇ ಇದ್ದ ಮಾತು. 1846ರ ಒಪ್ಪಂದದಂತೆ ಈ ಪ್ರದೇಶ ಅಮೆರಿಕದ ಪಾಲಾಯಿತು. 1849ರಲ್ಲಿ ಅಮೆರಿಕದ ಸೈನ್ಯ ಬಂದು ಬೀಡುಬಿಟ್ಟಿತು, 1860ರಲ್ಲಿ ಕಂಪನಿ ಜಾಗ ಖಾಲಿ ಮಾಡಿತು, 1866ರಲ್ಲಿ ಪಾಳುಬಿದ್ದ ಕೋಟೆ ಬೆಂಕಿಗೆ ಆಹುತಿಯಾಯಿತು.

ಹಾಗಾಗಿ ಇಂದು ಕಾಣುವ ಮರದ ಗೋಡೆ, ಕಾವಲು ಗೋಪುರ, ಅಡುಗೆಮನೆ, ಕುಲುಮೆ ಎಲ್ಲವೂ ಮರುನಿರ್ಮಾಣಗಳು. 1947ರಲ್ಲಿ ಆರಂಭವಾದ ಉತ್ಖನನದಲ್ಲಿ ಸಿಕ್ಕ ತಳಪಾಯಗಳ ಮೇಲೆ, 1845ರ ಹೊತ್ತಿಗೆ ಕೋಟೆ ಹೇಗಿತ್ತೋ ಹಾಗೆ, 1960ರ ದಶಕದಿಂದ ಒಂದೊಂದಾಗಿ ಕಟ್ಟುತ್ತ ಬರಲಾಗಿದೆ. ಕೋಟೆಯ ಉದ್ದ ಸುಮಾರು 734 ಅಡಿ, ಅಗಲ 318 ಅಡಿ. 1948ರಲ್ಲಿ ರಾಷ್ಟ್ರೀಯ ಸ್ಮಾರಕವೆಂದೂ 1961ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದೂ ಮಾನ್ಯತೆ ಪಡೆದ ಈ ಜಾಗವನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ನೋಡಿಕೊಳ್ಳುತ್ತದೆ.

ವೇಷಧಾರಿ ವಿವರಣೆಗಾರ ಎಂದರೆ ನಾಟಕದ ಪಾತ್ರವೇ? ಮಾತುಗಳನ್ನು ಬಾಯಿಪಾಠ ಮಾಡಬೇಕೇ?

ಬಹುಮಟ್ಟಿಗೆ ಅಲ್ಲ. ಇಂಥ ತಾಣಗಳಲ್ಲಿ ಎರಡು ಪದ್ಧತಿಗಳಿವೆ. ಮೊದಲನೆಯದರಲ್ಲಿ ವೇಷ ತೊಟ್ಟವರು ಆ ಕಾಲದ ವ್ಯಕ್ತಿಯೇ ಆಗಿಬಿಡುತ್ತಾರೆ. ಮ್ಯಾಸಚೂಸೆಟ್ಸ್‌ನ ಪ್ಲಿಮತ್ ವಸ್ತುಸಂಗ್ರಹಾಲಯದ ಇಂಗ್ಲಿಷ್ ಹಳ್ಳಿಯಲ್ಲಿ 1620ರ ದಶಕದ ವಲಸಿಗರಾಗಿ ನಿಂತವರಿಗೆ ನೀವು ಮೊಬೈಲ್ ತೋರಿಸಿದರೆ ಅದೇನೆಂದು ಅವರು ನಿಮ್ಮನ್ನೇ ಕೇಳಿಯಾರು. ಎರಡನೆಯದರಲ್ಲಿ ಉಡುಪು ಮಾತ್ರ ಹಳೆಯದು, ಮಾತು ಇಂದಿನದು. “ಅವರು ಹೀಗೆ ಮಾಡುತ್ತಿದ್ದರು” ಎಂದು ವಿವರಿಸಬಹುದು, ಅಂದಿನದನ್ನು ಇಂದಿನದಕ್ಕೆ ಹೋಲಿಸಬಹುದು. ಫೋರ್ಟ್ ವ್ಯಾಂಕೂವರ್‌ನ ದಿನನಿತ್ಯದ ಕೆಲಸ ಹೆಚ್ಚಾಗಿ ಎರಡನೆಯ ಬಗೆಯದು. ಪಾತ್ರ ವಹಿಸುವ ಸಂದರ್ಭ ವಿಶೇಷ ಕಾರ್ಯಕ್ರಮಗಳಲ್ಲಿ ಬರುತ್ತದೆ.

ಎರಡನೆಯದೇ ಸುಲಭವೆಂದು ಭಾವಿಸಬೇಡಿ. ಪಾತ್ರಧಾರಿಗೆ ತನ್ನ ಪಾತ್ರದ ಅರಿವು ಎಲ್ಲಿಗೆ ಮುಗಿಯುವುದೋ ಅಲ್ಲಿಗೆ ಹೊಣೆಯೂ ಮುಗಿಯುತ್ತದೆ, ಆದರೆ ಇಂದಿನವರಾಗಿ ಮಾತನಾಡುವವರು ಇತಿಹಾಸದ ಒಳಿತು ಕೆಡುಕುಗಳೆರಡಕ್ಕೂ ಉತ್ತರ ಕೊಡಬೇಕಾಗುತ್ತದೆ. ನೋಡುಗರು ಹತ್ತಿರ ಬಂದು ಮಾತು ತೆಗೆಯಲು ಉಡುಪು ಒಂದು ನೆಪ. ನಿಜವಾದ ಕೆಲಸ ಆಮೇಲೆ ಶುರುವಾಗುತ್ತದೆ.

ಯಾರು ಸೇರಬಹುದು? ಅಮೆರಿಕದ ಪೌರತ್ವ ಬೇಕೇ?

ಪೌರತ್ವ ಕಡ್ಡಾಯವಲ್ಲ, ಕಾನೂನುಬದ್ಧವಾಗಿ ನೆಲೆಸಿರುವವರು ಅರ್ಜಿ ಹಾಕಬಹುದು. ಆದರೆ ವೀಸಾದ ಬಗೆಗೆ ತಕ್ಕಂತೆ ನಿಯಮ ಬದಲಾಗುತ್ತದೆ. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾ ಅಥವಾ ಪ್ರವಾಸಿ ವೀಸಾದಲ್ಲಿ ಇರುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಉದ್ಯಾನದ ಸ್ವಯಂಸೇವಕ ಸಂಯೋಜಕರಿಗೆ ತಮ್ಮ ಸ್ಥಿತಿಯನ್ನು ತಿಳಿಸಿ, ಅಗತ್ಯ ಕಂಡರೆ ವಲಸೆ ವಕೀಲರನ್ನೂ ಕೇಳುವುದು ಒಳ್ಳೆಯದು. ನೆರೆಮನೆಯವರು ಸೇರಿದ್ದಾರೆ, ನಮಗೂ ತೊಂದರೆಯಾಗದು ಎಂಬ ಲೆಕ್ಕಾಚಾರ ಇಲ್ಲಿ ಸಲ್ಲದು.

ತೆರವಿರುವ ಕೆಲಸಗಳನ್ನು ಕೇಂದ್ರ ಸರ್ಕಾರದ ಸ್ವಯಂಸೇವಾ ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಇತಿಹಾಸದ ಪದವಿ ಬೇಕಿಲ್ಲ, ಓದುವ ಹವ್ಯಾಸ ಬೇಕು.

ಸಂಬಳ ಅಥವಾ ಬೇರೆ ಸೌಲಭ್ಯ ಉಂಟೇ?

ಸಂಬಳವಿಲ್ಲ. ಕೆಲಸದ ವೇಳೆ ಗಾಯವಾದರೆ ಕೇಂದ್ರ ಸರ್ಕಾರದ ನೌಕರರಿಗೆ ಸಿಗುವ ಪರಿಹಾರ ಕಾಯ್ದೆಯ ರಕ್ಷಣೆ ಸ್ವಯಂಸೇವಕರಿಗೂ ಸಿಗುತ್ತದೆ. ಒಟ್ಟು 250 ಗಂಟೆ ಸೇವೆ ಸಲ್ಲಿಸಿದವರಿಗೆ ದೇಶದ ರಾಷ್ಟ್ರೀಯ ಉದ್ಯಾನಗಳಿಗೆಲ್ಲ ಪ್ರವೇಶ ನೀಡುವ ವಾರ್ಷಿಕ ಪಾಸನ್ನು ಕೊಡುವ ಪದ್ಧತಿಯಿದೆ. ಪಾಸಿಗಾಗಿಯೇ ಸೇರುವುದಾದರೆ ಅದನ್ನು ದುಡ್ಡು ಕೊಟ್ಟು ಕೊಳ್ಳುವುದೇ ಲಾಭ.

ಉಡುಪನ್ನು ನಾವೇ ಹೊಲಿಸಿಕೊಳ್ಳಬೇಕೇ? ಅಂಗಡಿಯಲ್ಲಿ ಸಿಗುವ ‘ಹಳೆಯ ಕಾಲದ’ ಗೌನು ನಡೆಯುತ್ತದೆಯೇ?

ಅಂಗಡಿಯ ಗೌನು ನಡೆಯುವುದಿಲ್ಲ. ಕೋಟೆಗೆ ತನ್ನದೇ ಉಡುಪು ವಿಭಾಗವಿದೆ, ಅಲ್ಲಿ ಹೊಲಿಯುವವರಲ್ಲೂ ಸ್ವಯಂಸೇವಕರಿದ್ದಾರೆ. ಜನರ ಮುಂದೆ ನಿಂತು ಮಾತನಾಡಲು ಅಳುಕುವ, ಆದರೆ ಕೈಹೊಲಿಗೆ ಚೆನ್ನಾಗಿ ಬಲ್ಲ ನಮ್ಮ ಅಮ್ಮಂದಿರಂಥವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಸ್ವಂತ ಬಟ್ಟೆ ಹೊಲಿದುಕೊಳ್ಳುವ ಆಸೆ ಇದ್ದರೆ, ಬಟ್ಟೆ ಕೊಳ್ಳುವ ಮೊದಲೇ ಆ ವಿಭಾಗದವರಿಗೆ ಮಾದರಿ ತೋರಿಸಿ ಒಪ್ಪಿಗೆ ಪಡೆಯಿರಿ.

ಇಷ್ಟು ಕಟ್ಟುನಿಟ್ಟೇಕೆ ಎಂದು ಕೇಳುವವರಿಗೆ ಇಸವಿಗಳೇ ಉತ್ತರ ಹೇಳುತ್ತವೆ. ಕೋಟೆ ತೋರಿಸುವುದು 1845ರ ಕಾಲವನ್ನು. ಇಲಿಯಾಸ್ ಹೋವ್ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1846ರಲ್ಲಿ. ಆದ್ದರಿಂದ ಕಣ್ಣಿಗೆ ಬೀಳುವ ಕಡೆಯಲ್ಲೆಲ್ಲ ಕೈಹೊಲಿಗೆಯೇ ಇರಬೇಕು. ಪಿನ್ನು ಹಾಕದೆ ಸೀರೆಯ ಸೆರಗು ನಿಲ್ಲದೆಂದು ನಂಬಿರುವ ನಮಗೆ ಆಶ್ಚರ್ಯವಾಗಬಹುದು, ಇಂದು ನಾವು ಬಳಸುವ ಸೇಫ್ಟಿ ಪಿನ್ನಿಗೆ ಹಕ್ಕುಪತ್ರ ಸಿಕ್ಕದ್ದೇ 1849ರಲ್ಲಿ. ಶಾಲನ್ನು ಹಿಡಿದಿಡಲು ಅಂದು ಇದ್ದದ್ದು ನೇರವಾದ ಗುಂಡುಸೂಜಿ. ಮೊದಲ ಕೃತಕ ನೇರಳೆ ಬಣ್ಣವನ್ನು ವಿಲಿಯಂ ಪರ್ಕಿನ್ ಕಂಡುಹಿಡಿದದ್ದು 1856ರಲ್ಲಿ. ಅದಕ್ಕೂ ಮೊದಲಿನ ಬಟ್ಟೆಯ ಬಣ್ಣಗಳು ಬಹುಮಟ್ಟಿಗೆ ಗಿಡ, ಬೇರು, ಕೀಟ, ಖನಿಜಗಳಿಂದ ಬಂದವು. ಉಡುಪಿನ ಕಡುನೀಲಿ ಉಣ್ಣೆಯನ್ನು ಕಂಡಾಗ ನೆನಪಿಡಬೇಕಾದ ಒಂದು ಸಂಗತಿಯಿದೆ: ಆ ದಶಕಗಳಲ್ಲಿ ಲಂಡನ್ ಮಾರುಕಟ್ಟೆಗೆ ಬರುತ್ತಿದ್ದ ನೀಲಿಯ ಬಹುಭಾಗ ಬಂಗಾಳದ ರೈತರ ಹೊಲದ್ದು. ಇದನ್ನು ಯಾವ ನೋಡುಗರೂ ತಾವಾಗಿ ಕೇಳುವುದಿಲ್ಲ, ಹೇಳಿದರೆ ಮಾತ್ರ ಕಿವಿಗೊಡುತ್ತಾರೆ.

ಹತ್ತಿ, ನಾರುಬಟ್ಟೆ, ಉಣ್ಣೆ ಇವಷ್ಟೇ ಆಗಬೇಕೆಂಬ ನಿಯಮಕ್ಕೆ ಇನ್ನೊಂದು ಕಾರಣ ಬೆಂಕಿ. ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಕಿಡಿ ಬಿದ್ದ ಕಡೆ ಕರಕಾಗಿ ನಿಲ್ಲುತ್ತದೆ. ಒಲೆಯ ಮುಂದೆ ನಿಲ್ಲುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಹೆಂಗಸರ ಉಡುಪಿಗೆ ಕ್ರಮವಿದೆ: ಮೊದಲು ಒಳಂಗಿ, ಕಾಲುಚೀಲ, ಬೂಟು, ಆಮೇಲೆ ಕಾರ್ಸೆಟ್ ಎಂಬ ದಾರದಿಂದ ಬಿಗಿಯುವ ಒಳಕಟ್ಟು, ಅದರ ಮೇಲೆ ಒಳಲಂಗಗಳು, ಗೌನು, ಏಪ್ರನ್. ಈ ಕ್ರಮ ತಪ್ಪಿದವರು ಬೇಗ ಪತ್ತೆಯಾಗುತ್ತಾರೆ, ಏಕೆಂದರೆ ಕಾರ್ಸೆಟ್‌ನ ದಾರ ಬಿಗಿದ ಮೇಲೆ ಬಗ್ಗಿ ಬೂಟಿನ ಲೇಸು ಕಟ್ಟಲು ಆಗುವುದಿಲ್ಲ. ಸರಿಯಾದ ಅಳತೆಯ ಕಾರ್ಸೆಟ್ ಉಸಿರು ಕಟ್ಟಿಸುವುದಿಲ್ಲ, ಒಳಲಂಗಗಳ ಭಾರವನ್ನು ಸೊಂಟದ ಸುತ್ತ ಹಂಚುತ್ತದೆ. ಮೂರ್ಛೆ ಹೋಗುವ ಕಥೆಗಳನ್ನು ಕೇಳಿ ಹೆದರುವುದು ಬೇಡ. ಗಂಡಸರ ಪಾಡು ಸಲೀಸು: ಸಡಿಲವಾದ ಅಂಗಿ, ಮುಂಭಾಗದಲ್ಲಿ ಗುಂಡಿ ಹಾಕುವ ಅಗಲ ಪಟ್ಟಿಯ ಷರಾಯಿ, ವೇಸ್ಟ್‌ಕೋಟು, ಚಳಿಗೆ ಕಂಬಳಿಯಿಂದ ಹೊಲಿದ ಟೋಪಿಸಹಿತ ಕೋಟು, ಸೊಂಟಕ್ಕೆ ಬಣ್ಣದ ನೇಯ್ಗೆಯ ಪಟ್ಟಿ.

ಕುಂಕುಮ, ತಾಳಿ, ಕನ್ನಡಕ, ಕೈಗಡಿಯಾರ ಇವುಗಳ ಗತಿ?

ಕೈಗಡಿಯಾರ, ಉಗುರುಬಣ್ಣ, ಸ್ಪೋರ್ಟ್ಸ್ ಷೂ, ಮೊಬೈಲ್ ಇವು ಕಣ್ಣಿಗೆ ಬೀಳುವಂತಿಲ್ಲ. ಕನ್ನಡಕ ಬೇಕಾದವರು ತೆಳು ಲೋಹದ ಚೌಕಟ್ಟಿನ ಚಿಕ್ಕ ಕನ್ನಡಕಕ್ಕೆ ತಮ್ಮ ಪವರಿನ ಗಾಜು ಹಾಕಿಸಿಕೊಳ್ಳಬಹುದು, ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್ ಧರಿಸಬಹುದು. ತಾಳಿ ಮೇಲಂಗಿಯ ಒಳಗೆ ಮರೆಯಾಗಿರುವುದರಿಂದ ಸಮಸ್ಯೆಯಿಲ್ಲ. ಕುಂಕುಮ, ಜನಿವಾರ, ಶಿರವಸ್ತ್ರ ಮೊದಲಾದ ಶ್ರದ್ಧೆಯ ವಿಷಯಗಳನ್ನು ತರಬೇತಿಯ ಮೊದಲ ದಿನವೇ ಮೇಲ್ವಿಚಾರಕರೊಡನೆ ಬಿಚ್ಚುಮನಸ್ಸಿನಿಂದ ಮಾತನಾಡಿ ತೀರ್ಮಾನಿಸಿಕೊಳ್ಳಿ. ಮುಜುಗರದಿಂದ ಸುಮ್ಮನಿದ್ದು ಕಡೆಯ ಗಳಿಗೆಯಲ್ಲಿ ಹೇಳಿದರೆ ಇಬ್ಬರಿಗೂ ಇಕ್ಕಟ್ಟು.

ನಾವು ನೋಡಲು ಭಾರತೀಯರು. ಬ್ರಿಟಿಷರ ಕೋಟೆಯಲ್ಲಿ ನಮ್ಮನ್ನು ನಿಲ್ಲಿಸಿದರೆ ಸುಳ್ಳು ಚಿತ್ರ ಕೊಟ್ಟಂತಾಗದೇ?

ಎಲ್ಲರೂ ಕೇಳುವ ಪ್ರಶ್ನೆ ಇದು, ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಈ ಕೋಟೆಯನ್ನು ಬಿಳಿಯರ ಕೋಟೆ ಎಂದು ಊಹಿಸುವುದೇ ತಪ್ಪು. ದುಡಿಯುವವರಲ್ಲಿ ಫ್ರೆಂಚ್ ಕೆನಡಿಯನ್ನರು, ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದವರು, ಇರೊಕ್ವಾ ಮತ್ತು ಕ್ರೀ ಮೂಲನಿವಾಸಿಗಳು, ಮೂಲನಿವಾಸಿ ಮತ್ತು ಯೂರೋಪಿಯನ್ ಮಿಶ್ರ ಮನೆತನದ ಮೇಟಿ (Métis) ಜನರು, ಸುತ್ತಲಿನ ಚಿನೂಕ್ ಜನರು, ಕರಾರಿನ ಮೇಲೆ ಬಂದ ಹವಾಯಿಯವರು ಎಲ್ಲರೂ ಇದ್ದರು. ಕೋಟೆಯ ಪಶ್ಚಿಮಕ್ಕಿದ್ದ ಕೆಲಸಗಾರರ ಹಳ್ಳಿಯಲ್ಲಿ ಹವಾಯಿಯವರು ಎಷ್ಟು ಮಂದಿ ಇದ್ದರೆಂದರೆ ಅವರನ್ನು ಕರೆಯುತ್ತಿದ್ದ ‘ಕನಾಕಾ’ ಎಂಬ ಮಾತಿನಿಂದಲೇ ಆ ಹಳ್ಳಿಗೆ ಕನಾಕಾ ಹಳ್ಳಿ ಎಂಬ ಹೆಸರು ಬಿತ್ತು. ಅವರಿಗೆ ಧರ್ಮಬೋಧೆ ಮಾಡಲು 1845ರಲ್ಲಿ ಹವಾಯಿಯಿಂದ ಬಂದ ವಿಲಿಯಂ ಕೌಲೆಹೆಲೆಹೆ ಕೊನೆಯವರೆಗೂ ಹಳ್ಳಿ ಬಿಡದೆ ಉಳಿದವರಲ್ಲೊಬ್ಬ. 1860ರಲ್ಲಿ ಅಮೆರಿಕದ ಸೈನ್ಯ ಅವನ ಮನೆಯನ್ನು ಸುಟ್ಟ ಮೇಲೆ ಅವನು ಇಂದಿನ ಕೆನಡಾದ ವಿಕ್ಟೋರಿಯಾ ಊರಿನ ಕಡೆಗೆ ಹೊರಟುಹೋದ. ಕೋಟೆಯ ಮುಖ್ಯಾಧಿಕಾರಿ ಜಾನ್ ಮೆಕ್‌ಲಾಕ್ಲಿನ್‌ನ ಹೆಂಡತಿ ಮಾರ್ಗರೆಟ್ ಮೂಲನಿವಾಸಿ ತಾಯಿಯ ಮಗಳು. ಅವನ ಕೈಕೆಳಗೆ ಬೆಳೆದು ಮುಂದೆ ಬ್ರಿಟಿಷ್ ಕೊಲಂಬಿಯಾದ ಗವರ್ನರ್ ಆದ ಜೇಮ್ಸ್ ಡಗ್ಲಸ್ ದಕ್ಷಿಣ ಅಮೆರಿಕದ ಡೆಮೆರಾರಾದಲ್ಲಿ ಕರಿಯ ಮನೆತನದ ಹಿನ್ನೆಲೆಯ ತಾಯಿಗೆ ಹುಟ್ಟಿದವನು. ಸಮುದ್ರದಲ್ಲಿ ದಿಕ್ಕುತಪ್ಪಿ ಅಮೆರಿಕದ ತೀರಕ್ಕೆ ಬಂದು ಬಿದ್ದ ಮೂವರು ಜಪಾನಿ ನಾವಿಕರನ್ನು 1834ರಲ್ಲಿ ಕರೆತಂದದ್ದೂ ಇದೇ ಕೋಟೆಗೆ. ಈ ಜನಜಂಗುಳಿಯಲ್ಲಿ ನಿಮ್ಮ ಮುಖ ಎದ್ದು ಕಾಣಿಸಬೇಕಾದ ಕಾರಣವಿಲ್ಲ.

ಆದರೂ ಎರಡು ಎಚ್ಚರಿಕೆಗಳಿವೆ. ನಾವು ಕಂದುಬಣ್ಣದವರೆಂದ ಮಾತ್ರಕ್ಕೆ ಮೂಲನಿವಾಸಿಗಳ ಉಡುಪು ತೊಟ್ಟು ನಿಲ್ಲುವುದು ಸರಿಯಲ್ಲ. ಚಿನೂಕ್ ಮತ್ತಿತರ ಸಮುದಾಯಗಳು ಇಂದಿಗೂ ಬಾಳುತ್ತಿವೆ, ಅವರ ಕಥೆ ಹೇಳುವ ಹಕ್ಕು ಮೊದಲು ಅವರದು. ಕೋಟೆಯಲ್ಲಿ ‘ಇಂಡಿಯನ್ ಟ್ರೇಡ್ ಶಾಪ್’ ಎಂಬ ಕಟ್ಟಡವಿದೆ. ಅದರ ಬಾಗಿಲಲ್ಲಿ ನೀವು ನಿಂತಿದ್ದರೆ ಯಾರಾದರೊಬ್ಬರು ತಪ್ಪು ತಿಳಿದೇ ತಿಳಿಯುತ್ತಾರೆ. “ನಾನು ಬೆಂಗಳೂರಿನವನು, ಈ ಅಂಗಡಿ ಇಲ್ಲಿನ ಮೂಲನಿವಾಸಿಗಳೊಡನೆ ವ್ಯಾಪಾರ ಮಾಡಲು ಇದ್ದದ್ದು” ಎಂದು ನಗುತ್ತಲೇ ಸ್ಪಷ್ಟಪಡಿಸಿ ಮುಂದುವರಿಯಬೇಕು. ಎರಡನೆಯದಾಗಿ, ಅಭಿಮಾನದ ಭರದಲ್ಲಿ ಮೈಸೂರಿನಿಂದ ಬಂದ ವರ್ತಕನೆಂದೋ ಸಿಪಾಯಿಯೆಂದೋ ಪಾತ್ರ ಕಟ್ಟಿಕೊಳ್ಳಬಾರದು. ದಾಖಲೆಯಲ್ಲಿ ಆಧಾರವಿಲ್ಲದ ಪಾತ್ರ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಅದಕ್ಕೆ ಸ್ಥಳವಿಲ್ಲ.

ನಾನು ಶುದ್ಧ ಸಸ್ಯಾಹಾರಿ. ತುಪ್ಪಳ ಮುಟ್ಟುವುದು, ಮಾಂಸದ ಅಡುಗೆ ಇವು ನನ್ನಿಂದಾಗದು. ಏನು ಮಾಡಲಿ?

ತುಪ್ಪಳದ ಉಗ್ರಾಣವನ್ನೂ ಅಡುಗೆಮನೆಯನ್ನೂ ಬಿಟ್ಟು ಬೇರೆ ಕೆಲಸ ಕೇಳಿ. ತೋಟ, ಬಡಗಿ ಕಾರ್ಯಾಗಾರ, ಕುಲುಮೆ, ಬೇಕರಿ ಇವೆ. ಬೇಕರಿಯಲ್ಲಿ ಅಂದು ಮುಖ್ಯವಾಗಿ ತಯಾರಾಗುತ್ತಿದ್ದದ್ದು ಹಡಗಿನವರಿಗೂ ದೂರದ ತಂಡಗಳಿಗೂ ಬೇಕಾದ ಗಟ್ಟಿ ಬಿಸ್ಕತ್ತು. ಗೋಧಿಹಿಟ್ಟು, ನೀರು ಬಿಟ್ಟರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಹಲ್ಲು ಗಟ್ಟಿಯಿದ್ದವರಿಗೆ ಮಾತ್ರ ಯೋಗ್ಯ. ಆದರೆ ಕೋಟೆಯ ಅಸ್ತಿತ್ವಕ್ಕೇ ತುಪ್ಪಳದ ವ್ಯಾಪಾರ ಕಾರಣವಾಗಿದ್ದರಿಂದ ಅದರ ಬಗ್ಗೆ ಮಾತನಾಡುವುದನ್ನು ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮುಟ್ಟದಿರಬಹುದು, ತಿಳಿಯದಿರುವಂತಿಲ್ಲ.

ನನ್ನ ಇಂಗ್ಲಿಷ್ ಉಚ್ಚಾರಣೆ ಅಮೆರಿಕದವರಂತಿಲ್ಲ.

1845ರಲ್ಲಿ ಇಲ್ಲಿದ್ದ ಯಾರದೂ ಇರಲಿಲ್ಲ. ನಿಧಾನವಾಗಿ, ಬಿಡಿಸಿ ಮಾತನಾಡಿದರೆ ಸಾಕು.

ತರಬೇತಿಯಲ್ಲಿ ಏನು ಕಲಿಸುತ್ತಾರೆ?

ಕೋಟೆಯ ಇತಿಹಾಸ, ಸುರಕ್ಷತೆ, ನೋಡುಗರೊಡನೆ ನಡೆದುಕೊಳ್ಳುವ ರೀತಿ, ನೀವು ಆರಿಸಿಕೊಂಡ ಕಸುಬಿನ ಪ್ರಾಥಮಿಕ ಪಾಠ ಇವು ಮುಖ್ಯ. ಮೊದಲು ಅನುಭವಿಗಳ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವುದೇ ಹೆಚ್ಚು. ಕುಲುಮೆಯನ್ನೇ ತೆಗೆದುಕೊಂಡರೆ, ಕಬ್ಬಿಣದ ಬಣ್ಣ ನೋಡಿ ಕಾವು ಗುರುತಿಸುವುದನ್ನು ಪುಸ್ತಕದಿಂದ ಕಲಿಯಲಾಗದು: ಮಂಕು ಕೆಂಪಿನಲ್ಲಿ ಬಡಿದರೆ ಸುತ್ತಿಗೆ ಪುಟಿಯುತ್ತದೆ, ಕಿತ್ತಳೆ ದಾಟಿ ಹಳದಿಗೆ ತಿರುಗಿದಾಗ ಲೋಹ ಮಾತು ಕೇಳುತ್ತದೆ, ಬೆಳ್ಳಗಾಗಿ ಕಿಡಿ ಸಿಡಿಯತೊಡಗಿದರೆ ಕಬ್ಬಿಣವೇ ಉರಿದು ಹಾಳಾಗುತ್ತಿದೆ ಎಂದರ್ಥ. ತಿದಿ ಒತ್ತುತ್ತ, ಬಣ್ಣದ ಮೇಲೆ ಕಣ್ಣಿಟ್ಟು, ಅದೇ ಹೊತ್ತಿಗೆ ಕಟಕಟೆಯ ಆಚೆ ನಿಂತ ಮಗುವಿನ ಪ್ರಶ್ನೆಗೂ ಉತ್ತರ ಕೊಡಬೇಕು. ಬೀವರ್ ಬೋನುಗಳನ್ನೂ ಕೊಡಲಿಗಳನ್ನೂ ಮಾಡುತ್ತಿದ್ದ ಅಂದಿನ ಕಮ್ಮಾರನಿಗೆ ಈ ಕಡೆಯ ಕಷ್ಟ ಇರಲಿಲ್ಲ.

ನೋಡುಗರು ಎಂಥ ಪ್ರಶ್ನೆ ಕೇಳುತ್ತಾರೆ? ಕಷ್ಟದ ಪ್ರಶ್ನೆ ಬಂದರೆ?

“ಆ ಬೆಂಕಿ ನಿಜವಾದದ್ದೇ?”, “ಈ ಬಟ್ಟೆಯಲ್ಲಿ ಸೆಕೆಯಾಗುವುದಿಲ್ಲವೇ?”, “ಶೌಚಾಲಯ ಎಲ್ಲಿದೆ?” ಇವು ದಿನವೂ ಬರುವವು. ನೂರನೆಯ ಸಲ ಕೇಳಿಸಿಕೊಂಡಾಗಲೂ ಎದುರಿನವರಿಗೆ ಅದು ಮೊದಲ ಸಲವೆಂಬುದನ್ನು ಮರೆಯಬಾರದು.

ಕಷ್ಟದ ಪ್ರಶ್ನೆಗಳು ಬೇರೆ. 1830ರಿಂದ ಹಬ್ಬಿದ ಜ್ವರ, ಅಂದರೆ ಇಂದಿನ ವಿದ್ವಾಂಸರು ಮಲೇರಿಯಾ ಎಂದು ಗುರುತಿಸುವ ಕಾಯಿಲೆ, ಕೆಳ ಕೊಲಂಬಿಯಾ ಕಣಿವೆಯ ಮೂಲನಿವಾಸಿಗಳಲ್ಲಿ ಬಹುಪಾಲು ಜನರನ್ನು ಬಲಿ ತೆಗೆದುಕೊಂಡಿತು. ಕೋಟೆಯ ಹಳ್ಳಿಯಲ್ಲಿ ಗುಲಾಮರಾಗಿ ಬದುಕಿದವರೂ ಇದ್ದರು. ಅಧಿಕಾರಿಗಳ ಊಟದ ಕೋಣೆಯಲ್ಲಿ ಇಂಗ್ಲೆಂಡಿನ ಸ್ಪೋಡ್ ಪಿಂಗಾಣಿ ತಟ್ಟೆಗಳಿರುತ್ತಿದ್ದಾಗ, ಗೋಡೆಯಾಚೆಯ ಕೆಲಸಗಾರರು ಒಂದು ಕೋಣೆಯ ಮನೆಯಲ್ಲಿ ಕಾಲ ಹಾಕುತ್ತಿದ್ದರು. ಅಂದಿನ ಮದುವೆ ಪದ್ಧತಿಯ ಪ್ರಶ್ನೆಯೂ ಬರುತ್ತದೆ: ಅಧಿಕಾರಿಗಳು ಪಾದ್ರಿಯಿಲ್ಲದೆ ಸ್ಥಳೀಯ ರೂಢಿಯಂತೆ ಮೂಲನಿವಾಸಿ ಹೆಂಗಸರೊಡನೆ ಸಂಸಾರ ಹೂಡುತ್ತಿದ್ದರು. 1836ರಲ್ಲಿ ಬಂದ ಹರ್ಬರ್ಟ್ ಬೀವರ್ ಎಂಬ ಪಾದ್ರಿ ಇದನ್ನು ಕಟುವಾಗಿ ಖಂಡಿಸಿ, ಮುಖ್ಯಾಧಿಕಾರಿಯ ಹೆಂಡತಿಯ ಬಗ್ಗೆಯೂ ಕೀಳಾಗಿ ಬರೆದ. ಸಿಟ್ಟಿಗೆದ್ದ ಮೆಕ್‌ಲಾಕ್ಲಿನ್ ಅವನನ್ನು ಬೆತ್ತದಿಂದ ಬಾರಿಸಿದ. ಬೀವರ್ ತುಪ್ಪಳದ ಕೋಟೆಗೆ ಬೀವರ್ ಎಂಬ ಹೆಸರಿನವನೇ ಬಂದದ್ದು ಕಾಕತಾಳೀಯ, ಮಕ್ಕಳಂತೂ ಇದನ್ನು ನಂಬುವುದಿಲ್ಲ.

ಇವುಗಳಲ್ಲಿ ಯಾವುದನ್ನೂ ಮುಚ್ಚಿಡಬಾರದು, ಯಾವುದನ್ನೂ ರಂಜಿಸಲೂಬಾರದು. ಎದುರಿಗಿರುವವರು ಏಳು ವರ್ಷದ ಮಗುವೋ, ಇತಿಹಾಸದ ಪ್ರಾಧ್ಯಾಪಕರೋ ನೋಡಿ ಅಳತೆ ಮಾಡಿ ಹೇಳಿ. ಗೊತ್ತಿಲ್ಲದ್ದನ್ನು “ನನಗೆ ಗೊತ್ತಿಲ್ಲ, ಕೇಳಿ ತಿಳಿಸುತ್ತೇನೆ” ಎನ್ನುವುದಕ್ಕೆ ಇಲ್ಲಿ ಪೂರ್ಣ ಮರ್ಯಾದೆಯಿದೆ. ಊಹಿಸಿ ಹೇಳಿದ ಉತ್ತರಕ್ಕೆ ಇಲ್ಲ, ಏಕೆಂದರೆ ವೇಷ ತೊಟ್ಟವರ ಮಾತನ್ನು ಜನ ಫಲಕದ ಬರಹಕ್ಕಿಂತ ಹೆಚ್ಚು ನಂಬುತ್ತಾರೆ.

ಯುದ್ಧದ ದೃಶ್ಯಗಳಲ್ಲಿ ಭಾಗವಹಿಸಬಹುದೇ?

ಇಲ್ಲ. ಎರಡು ಪಡೆಗಳು ಎದುರುಬದುರಾಗಿ ಗುಂಡು ಹಾರಿಸುವ ಕದನದ ಮರುಪ್ರದರ್ಶನಕ್ಕೆ ರಾಷ್ಟ್ರೀಯ ಉದ್ಯಾನಗಳಲ್ಲಿ ಅವಕಾಶವಿಲ್ಲ. ಹಳೆಯ ಬಂದೂಕುಗಳ ಪ್ರಾತ್ಯಕ್ಷಿಕೆ ಬೇರೆ ವಿಷಯ, ಅದಕ್ಕೆ ಪ್ರತ್ಯೇಕ ತರಬೇತಿ ಮತ್ತು ಪ್ರಮಾಣಿತ ಮೇಲ್ವಿಚಾರಕರ ಹಾಜರಿ ಬೇಕು.

ಮಕ್ಕಳನ್ನು ಸೇರಿಸಬಹುದೇ?

ಕೋಟೆ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವೇಷಧಾರಿ ಯೋಜನೆಗಳನ್ನು ನಡೆಸಿಕೊಂಡು ಬಂದಿದೆ. ಹದಿನೆಂಟು ತುಂಬದವರಿಗೆ ತಂದೆತಾಯಿಯ ಅಥವಾ ಪೋಷಕರ ಲಿಖಿತ ಒಪ್ಪಿಗೆ ಬೇಕು. ಕಾಲೇಜು ಅರ್ಜಿಯಲ್ಲಿ ಸೇವೆಯ ಗಂಟೆ ತೋರಿಸಬೇಕೆಂಬ ಒಂದೇ ಕಾರಣಕ್ಕೆ ಮಕ್ಕಳನ್ನು ತಳ್ಳಿಕೊಂಡು ಬರುವ ಪೋಷಕರು ನಮ್ಮಲ್ಲಿ ಕಡಿಮೆಯಿಲ್ಲ. ಉಣ್ಣೆಯ ಬಟ್ಟೆಯಲ್ಲಿ ಜುಲೈ ತಿಂಗಳ ಮಧ್ಯಾಹ್ನ ನಿಂತಾಗ ಆ ಕಾರಣ ಬಹಳ ಹೊತ್ತು ಬಾಳುವುದಿಲ್ಲ. ಮಗುವನ್ನು ಒಮ್ಮೆ ನೋಡುಗನಾಗಿ ಕರೆತಂದು, ಆಮೇಲೆ ಅದರ ಇಷ್ಟ ಕೇಳಿ.

ಊರಿನಿಂದ ಬಂದ ತಂದೆತಾಯಿ ನೋಡಲು ಬಂದರೆ ಅವರೊಡನೆ ಕನ್ನಡದಲ್ಲಿ ಮಾತನಾಡಬಹುದೇ?

ಧಾರಾಳವಾಗಿ. ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯರು ಫಲಕಗಳನ್ನು ಓದಲಾಗದೆ ಬೆಂಚಿನ ಮೇಲೆ ಕುಳಿತುಬಿಡುವುದು ಸಾಮಾನ್ಯ. ಅವರಿಗೆ ಕಮ್ಮಾರನ ತಿದಿ, ಒಲೆಯ ಕಟ್ಟಿಗೆ, ದಾಸ್ತಾನು ಕೋಣೆಯ ಲೆಕ್ಕಪುಸ್ತಕ ಇವುಗಳನ್ನು ಕನ್ನಡದಲ್ಲಿ ವಿವರಿಸಿದರೆ ಅವರಿಂದಲೇ ನೀವು ಕಲಿಯುವುದು ಬಹಳ ಇರುತ್ತದೆ. ಕೋಟೆಯ ಮಟ್ಟಿಗೆ ಇದು ಹೊಸ ಪದ್ಧತಿಯೂ ಅಲ್ಲ. ಅಂದು ಇಲ್ಲಿ ಫ್ರೆಂಚ್, ಹವಾಯಿಯನ್, ಕ್ರೀ, ಇಂಗ್ಲಿಷ್ ಎಲ್ಲವೂ ನಡೆಯುತ್ತಿದ್ದವು. ಒಬ್ಬರ ಮಾತು ಒಬ್ಬರಿಗೆ ತಿಳಿಯದಾದಾಗ ಚಿನೂಕ್ ವಾವಾ ಎಂಬ ಬೆರಕೆ ವ್ಯಾಪಾರ ಭಾಷೆಯಿತ್ತು. ಅದರ ‘ಕ್ಲಾಹೌಯಾ’ ಎಂಬ ನಮಸ್ಕಾರವನ್ನು ಕಲಿತುಕೊಂಡು ಬಳಸಿ. ಕನ್ನಡದ ಗುಂಪಿನ ಹಿಂದೆ ಬೇರೆಯವರು ಕಾಯುತ್ತಿದ್ದರೆ ಅವರಿಗೂ ನಡುನಡುವೆ ಇಂಗ್ಲಿಷಿನಲ್ಲಿ ಸಾರಾಂಶ ಹೇಳುವುದು ಸೌಜನ್ಯ.

ವೇಷದಲ್ಲಿ ತೆಗೆದ ಫೋಟೋ ಹಂಚಿಕೊಳ್ಳಬಹುದೇ?

ನಿಮ್ಮದನ್ನು ಬಿಡುವಿನ ವೇಳೆಯಲ್ಲಿ ತೆಗೆಸಿಕೊಳ್ಳಿ. ನೋಡುಗರ ಮಕ್ಕಳು ಚಿತ್ರದಲ್ಲಿದ್ದರೆ ಪೋಷಕರ ಅನುಮತಿಯಿಲ್ಲದೆ ಹಂಚಬೇಡಿ.

ನಡುವೆ ಬಿಡಬೇಕಾಗಿ ಬಂದರೆ?

ಕೆಲಸ ಬದಲಾಗಿ ಬೇರೆ ಊರಿಗೆ ಹೋಗುವುದು ನಮ್ಮವರಿಗೆ ಹೊಸತಲ್ಲ, ಸಂಯೋಜಕರಿಗೂ ಅದು ಗೊತ್ತು. ಒಪ್ಪಿಕೊಂಡ ಪಾಳಿಗಳಿಗೆ ಬೇರೆಯವರನ್ನು ಹುಡುಕಲು ಸಮಯ ಸಿಗುವಂತೆ ಮುಂಚಿತವಾಗಿ ತಿಳಿಸಿ. ಎರವಲು ಪಡೆದ ಉಡುಪನ್ನು ಹಿಂದಿರುಗಿಸುವಾಗ ಉಡುಪು ವಿಭಾಗದವರು ಹೇಳಿದ ರೀತಿಯಲ್ಲೇ ಶುಚಿ ಮಾಡಿರಬೇಕು. ಉಣ್ಣೆಯ ಕೋಟನ್ನು ಮನೆಯ ವಾಷಿಂಗ್ ಮಷಿನ್ನಿಗೆ ಹಾಕಿದರೆ ಅದು ಮುಂದೆ ಮಕ್ಕಳ ಯೋಜನೆಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.